ದಖ್ಖಣದ ಹದ್ದಿನ ಪಂಚಾಂಗ

(ಹೈದರಾಬಾದಿನ ಕಾಚಿಗುಡದ ಒಂದು ಕನ್ನಡ ಮನೆಯ ಅಂಗಳ. ಮಾತಾಡುವವರಲ್ಲಿ ಒಬ್ಬರು ಬಹುಕಾಲ ಪಾಠ ಹೇಳಿ ನಿವೃತ್ತರಾದ ಹಿರಿಯರು. ಇನ್ನೊಬ್ಬರು ರಾಯಚೂರು ಸೀಮೆಯಿಂದ ಉದ್ಯೋಗದ ನಿಮಿತ್ತ ಈ ನಗರಕ್ಕೆ ಬಂದು ನೆಲಸಿದ ಕಿರಿಯರು.)

ಕಿರಿಯರು: ಎಳ್ಳಮಾವಾಸ್ಯೆಗೆಂದು ಊರಿಗೆ ಹೋಗಿದ್ದೆ. ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೊರಟಾಗ ಒಂದು ನೋಟ ಕಣ್ಣಿಗೆ ಬಿತ್ತು. ಅದರ ವಿಷಯವಾಗಿ ತಮ್ಮನ್ನು ಕೇಳಬೇಕೆಂದೇ ಬಂದೆ. ನಮ್ಮ ಬಿಳಿಜೋಳದ ಹೊಲದಾಚೆಗೆ ಬಂಡೆಗಳ ಗುಡ್ಡವೊಂದಿದೆ. ಅದರ ಕಡಿದಾದ ಮೋರೆಯಲ್ಲಿ, ಮೇಲಿನಿಂದ ಇಳಿಯಲೂ ಕೆಳಗಿನಿಂದ ಏರಲೂ ಬಾರದ ಒಂದು ಚಾಚಿನ ಮೇಲೆ, ಒಣ ಕಟ್ಟಿಗೆಯ ದೊಡ್ಡ ಒಟ್ಟಿಲು. ಆ ಒಟ್ಟಿಲಿನ ನಡುವೆ ಮೈಯನ್ನು ಕೆಳಕ್ಕೊತ್ತಿ, ತಲೆಯೊಂದನ್ನೇ ಹೊರಗೆ ತೋರಿಸುತ್ತ ಕುಳಿತ ಹೆಣ್ಣು ಹದ್ದು. ನಾವು ನೋಡುತ್ತಿದ್ದಂತೆ ಗಂಡು ಹಸುರೆಲೆಯ ರೆಂಬೆಯೊಂದನ್ನು ಕಾಲಿನಲ್ಲಿ ಹಿಡಿದು ತಂದು ಒಟ್ಟಿಲಿನ ಅಂಚಿಗೆ ಇಟ್ಟಿತು. ಹೆಣ್ಣು ಎದ್ದು ಅದನ್ನು ಕೊಕ್ಕಿನಿಂದ ಒಳಕ್ಕೆಳೆದುಕೊಂಡು ಮತ್ತೆ ಕುಳಿತಿತು. ಅದು ಕಾವಿಗೆ ಕುಳಿತದ್ದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನನ್ನಲ್ಲಿರುವ ಪಕ್ಷಿಗ್ರಂಥ, ಅದು ವಿಲಾಯತಿಯಲ್ಲಿ ಅಚ್ಚಾದದ್ದು, ಹದ್ದುಗಳೆಲ್ಲ ವಸಂತದಲ್ಲಿ ಮೊಟ್ಟೆಯಿಡುತ್ತವೆಂದು ಹೇಳುತ್ತದೆ. ನಡುಚಳಿಯಲ್ಲಿ, ಹಗಲು ಅತ್ಯಂತ ಮೊಟಕಾದ ದಿನಗಳಲ್ಲಿ, ಈ ಪಕ್ಷಿಗೆ ಇಂತಹ ಅಕಾಲದ ಆತುರವೇಕೆ?

ಹಿರಿಯರು: ಪಕ್ಷಿಯ ಲಕ್ಷಣಗಳನ್ನು ಹೇಳಿ.

ಕಿರಿಯರು: ಹಾರಿದಾಗ ಹೊಟ್ಟೆ ಬಿಳುಪಾಗಿ, ಅದರ ಮೇಲೆ ಕಪ್ಪು ಗೀರುಗಳು ಕಂಡವು. ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟಿ. ಬಂಡೆಯ ಮುಂದೆ ವಾಲಿ ತಿರುಗಿದಾಗ ಬೆನ್ನಿನ ಮೇಲೊಂದು ಬಿಳಿಯ ಮಚ್ಚೆ.

ಹಿರಿಯರು: ಹಾಗಾದರೆ ತಾವು ಕಂಡದ್ದು ಬೊನೆಲ್ಲಿ ಹದ್ದು, ಇಟಲಿಯ ಪಕ್ಷಿಶಾಸ್ತ್ರಜ್ಞನೊಬ್ಬನ ಹೆಸರನ್ನು ಹೊತ್ತಿದ್ದರೂ ಸ್ಪೇಯಿನ್ನಿನಿಂದ ದಖ್ಖಣದವರೆಗೆ ಬಂಡೆಗಳಿರುವಲ್ಲೆಲ್ಲ ಮನೆಮಾಡಿಕೊಂಡಿರುವ, ಗೌಜಲಹಕ್ಕಿ, ಪಾರಿವಾಳ, ಮೊಲ, ಉಡಗಳನ್ನು ಹಿಡಿದು ಬಾಳುವ, ಮಹಾ ವೇಗಶಾಲಿಯಾದ ಪಕ್ಷಿ. ಅದು ಅಕಾಲದಲ್ಲಿ ಕುಳಿತಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲವೇ ನಮ್ಮ ನಾಡಿನಲ್ಲಿ ಅದು ಮೊಟ್ಟೆಯಿಡುವ ಮುಖ್ಯ ಕಾಲ. ತಮ್ಮ ಗ್ರಂಥವೂ ಅದು ಹುಟ್ಟಿದ ನಾಡಿನ ಮಟ್ಟಿಗೆ ಸತ್ಯವನ್ನೇ ನುಡಿಯುತ್ತದೆ. ಒಂದು ನಾಡಿನ ಋತುವನ್ನು ಇನ್ನೊಂದು ನಾಡಿನ ಪಕ್ಷಿಗೆ ವಿಧಿಸಲು ಹೊರಟಾಗ ಮಾತ್ರ ತೊಡಕು ಹುಟ್ಟುತ್ತದೆ. ಆ ತೊಡಕನ್ನು ಬಿಡಿಸಿಕೊಳ್ಳುವ ಮೊದಲು ಈ ಸಂಗತಿ ಎಷ್ಟು ವ್ಯಾಪಕವಾದದ್ದೆಂಬುದನ್ನು ನೋಡೋಣ.

ಕಿರಿಯರು: ಒಂದೇ ಜಾತಿಯ ಹದ್ದು ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಮೊಟ್ಟೆಯಿಡುವುದುಂಟೆ?

ಹಿರಿಯರು: ಉಂಟು, ಅದೂ ಅಲ್ಪಸ್ವಲ್ಪ ಅಂತರದಿಂದಲ್ಲ. ಅಮೆರಿಕದವರು ತಮ್ಮ ರಾಷ್ಟ್ರಲಾಂಛನದಲ್ಲಿ ಇಟ್ಟುಕೊಂಡಿರುವ ಬಿಳಿತಲೆಯ ಬೋಳುಹದ್ದನ್ನು ತೆಗೆದುಕೊಳ್ಳಿ. ದಕ್ಷಿಣದ ತುದಿಯ ಫ್ಲಾರಿಡದಲ್ಲಿ ಅದು ಅಕ್ಟೋಬರಿನಲ್ಲೇ ಗೂಡನ್ನು ಸರಿಪಡಿಸತೊಡಗಿ, ಬಹುಪಾಲು ಡಿಸೆಂಬರ್, ಜನವರಿಗಳಲ್ಲಿ ಮೊಟ್ಟೆಯಿಟ್ಟುಬಿಡುತ್ತದೆ. ಅದೇ ಪಕ್ಷಿ ವಾಯವ್ಯದ ಅಲಾಸ್ಕದಲ್ಲಿ ಮಂಜು ಕರಗುವವರೆಗೆ ಕಾದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಮೊಟ್ಟೆಯಿಡುತ್ತದೆ. ಅಲ್ಲಿ ಮೊಟ್ಟೆ ಬೀಳುವ ಹೊತ್ತಿಗೆ ಫ್ಲಾರಿಡದ ಮರಿ ಗೂಡು ಬಿಟ್ಟು ಹಾರಿಹೋಗಿರುತ್ತದೆ. ಈ ಹಾರಿಹೋದ ಮರಿಗಳ ಕತೆಯೂ ಕೇಳತಕ್ಕದ್ದು. ಚಾರ್ಲ್ಸ್ ಬ್ರೋಲಿ ಎಂಬ ಕೆನಡಾ ದೇಶದವರೊಬ್ಬರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಅರವತ್ತರ ಅಂಚಿನಲ್ಲಿದ್ದ ವಯಸ್ಸಿನಲ್ಲಿ, ಫ್ಲಾರಿಡದ ಎತ್ತರದ ಮರಗಳನ್ನು ಹಗ್ಗದೇಣಿಯಿಂದ ಹತ್ತಿ, 1939ರಿಂದ ಮೊದಲುಮಾಡಿ, ಸಾವಿರಕ್ಕೂ ಮಿಕ್ಕ ಹದ್ದಿನ ಮರಿಗಳ ಕಾಲಿಗೆ ಗುರುತಿನ ಬಳೆ ತೊಡಿಸಿದರು. ಆ ಮರಿಗಳು ಬೇಸಗೆ ಬಂದೊಡನೆ ಉತ್ತರಾಭಿಮುಖವಾಗಿ ನೂರಾರು ಹರದಾರಿ ಹಾರಿ ಕೆನಡಾದವರೆಗೂ ಹೋಗುತ್ತವೆಂಬುದು ಅವರ ಬಳೆಗಳಿಂದ ಲೋಕಕ್ಕೆ ತಿಳಿಯಿತು. ದಕ್ಷಿಣದ ಮರಿ ಚಳಿಯಲ್ಲಿ ಹುಟ್ಟಿ, ತನ್ನ ನಾಡಿನ ಕಡು ಬೇಸಗೆಯನ್ನು ತಪ್ಪಿಸಿಕೊಂಡು, ಉತ್ತರದ ಸರೋವರಗಳು ಮಂಜು ಬಿಟ್ಟು ಮೀನು ಕೊಡುವ ಹೊತ್ತಿಗೆ ಅಲ್ಲಿಗೆ ತಲಪುವುದು ಎಂಥ ಸೊಗಸಾದ ಏರ್ಪಾಡು! ಬ್ರೋಲಿ ಅವರೇ 1947ರಿಂದೀಚೆಗೆ ಗೂಡುಗಳು ಬರಿದಾಗುತ್ತ ಹೋದುದನ್ನು ಕಂಡು, ಅದಕ್ಕೆ ಡಿಡಿಟಿ ವಿಷವೇ ಕಾರಣವಿರಬೇಕೆಂದು ಶಂಕಿಸಿ ಎಚ್ಚರಿಸಿದವರಲ್ಲಿ ಮೊದಲಿಗರು. ವರ್ಷ ವರ್ಷವೂ ಅದೇ ತಿಂಗಳಲ್ಲಿ ಅದೇ ಗೂಡಿಗೆ ಹೋಗಿ ನೋಡಿದವರಿಗಲ್ಲದೆ ಅಂತಹ ಬರಿದು ಕಣ್ಣಿಗೆ ಬೀಳದು.

ಕಿರಿಯರು: ಆದರೆ ಅಲಾಸ್ಕಕ್ಕೂ ಫ್ಲಾರಿಡಕ್ಕೂ ಇರುವುದು ಹಿಮದ ಭೇದ. ಉತ್ತರದಲ್ಲಿ ಚಳಿ ಹೆಚ್ಚು, ಆದುದರಿಂದ ತಡ. ದಕ್ಷಿಣದಲ್ಲಿ ಚಳಿ ಕಡಮೆ, ಆದುದರಿಂದ ಬೇಗ. ಈ ಒಂದು ಸೂತ್ರದಿಂದಲೇ ಎಲ್ಲವೂ ತೀರುವುದಿಲ್ಲವೆ?

ಹಿರಿಯರು: ಉತ್ತರ ಭೂಖಂಡಗಳ ಮಟ್ಟಿಗೆ ಬಹುಮಟ್ಟಿಗೆ ತೀರುತ್ತದೆ. ಸುವರ್ಣ ಹದ್ದು ಕ್ಯಾಲಿಫೋರ್ನಿಯದಲ್ಲಿ ಫೆಬ್ರವರಿಯ ಸುಮಾರಿಗೂ, ಸ್ಕಾಟ್ಲೆಂಡಿನಲ್ಲಿ ಮಾರ್ಚಿಯ ಎರಡನೆಯ ಭಾಗದಲ್ಲಿಯೂ, ಅಲಾಸ್ಕದ ಬಡಗಣ ಬೆಟ್ಟಗಳಲ್ಲಿ ಇನ್ನೂ ತಡವಾಗಿಯೂ ಮೊಟ್ಟೆಯಿಡುವುದು ಈ ಸೂತ್ರಕ್ಕೆ ಒಪ್ಪುವ ಮಾತೇ. ಆದರೆ ನಮ್ಮ ಕಂದು ಹದ್ದು ಈ ಸೂತ್ರವನ್ನು ಮುರಿಯುತ್ತದೆ. ಗುಜರಾತು, ರಾಜಸ್ಥಾನಗಳಿಂದ ದಖ್ಖಣದ ಬಯಲಿನವರೆಗೆ ಜಾಲಿಯ ತುದಿಯಲ್ಲಿ ಗೂಡು ಕಟ್ಟುವ ಆ ಪಕ್ಷಿ ಆಫ್ರಿಕದಲ್ಲಿಯೂ ಇದೆ. ಭಾರತದಲ್ಲಿ ಅದರ ಸಂತಾನಕಾಲ ನವೆಂಬರಿನಿಂದ ಏಪ್ರಿಲಿನವರೆಗೆ. ಆಫ್ರಿಕ ಖಂಡದ ದಕ್ಷಿಣ ಭಾಗದಲ್ಲಿ ಅದು ಮೊಟ್ಟೆಯಿಡುವುದು ಏಪ್ರಿಲಿನಿಂದ ಜುಲೈವರೆಗೆ. ತಿಂಗಳುಗಳನ್ನು ನೋಡಿದರೆ ಒಂದಕ್ಕೊಂದು ಬೆನ್ನುಮಾಡಿ ನಿಂತಂತೆ ಕಾಣುತ್ತವೆ. ಆದರೆ ಆಕಾಶವನ್ನು ನೋಡಿ: ನವೆಂಬರ್ ಎಂದರೆ ನಮ್ಮಲ್ಲಿ ಮಳೆ ಹಿಂದೆಗೆದ ಕಾಲ, ಏಪ್ರಿಲ್ ಮೇ ಎಂದರೆ ಅಲ್ಲಿ ಮಳೆ ಹಿಂದೆಗೆದ ಕಾಲ. ಎರಡು ಕಡೆಯಲ್ಲಿಯೂ ಪಕ್ಷಿ ಆರಿಸಿಕೊಂಡಿರುವುದು ಒಂದೇ ಋತುವನ್ನು, ಅಂದರೆ ನೆಲ ಒಣಗಿ ಹುಲ್ಲು ತಗ್ಗಿದ ನಿರ್ಮಳ ಋತುವನ್ನು. ನಾನು ಈ ವಿಷಯದಲ್ಲಿ ಹೇಳಬೇಕೆಂದಿರುವುದೆಲ್ಲ ಇಷ್ಟರಲ್ಲಿಯೇ ಅಡಗಿದೆ: ಹದ್ದು ಯಾವ ನೆಲದ ಮೇಲೆ ಬೇಟೆಯಾಡುವುದೋ ಆ ನೆಲವೇ ಅದರ ತಿಂಗಳನ್ನು ಗೊತ್ತುಮಾಡುತ್ತದೆ, ಕುಲವಲ್ಲ, ಅಚ್ಚಾದ ಪಂಚಾಂಗವೂ ಅಲ್ಲ.

ಕಿರಿಯರು: ಇಲ್ಲಿಯೇ ನನಗೊಂದು ಆಕ್ಷೇಪವುಂಟು. ನಮ್ಮ ಸೀಮೆಯಲ್ಲಿ ಜೀವಸಮೃದ್ಧಿಯ ಕಾಲ ಯಾವುದು? ಮುಂಗಾರು. ಕಪ್ಪೆ, ಹುಳು, ಹುಲ್ಲಿನ ಬೀಜ, ಸಣ್ಣ ಹಕ್ಕಿಗಳ ಮರಿ, ಇಲಿ, ಎಲ್ಲವೂ ಉಕ್ಕುವುದು ಆಗಲೇ. ಗೀಜಗ ಹಕ್ಕಿ ಗೂಡು ನೇಯುವುದು ಮಳೆಗಾಲದಲ್ಲಿ. ನವಿಲು ಕುಣಿಯುವುದೂ ಆಗಲೇ. ಉಣ್ಣಲು ಯಥೇಚ್ಛವಾಗಿರುವಾಗ ಮಕ್ಕಳನ್ನು ಹೆರುವುದು ಬಿಟ್ಟು, ಹೊಲ ಒಣಗಿದಾಗ ಹೆರುವುದು ಯಾವ ವಿವೇಕ?

ಹಿರಿಯರು: ಒಳ್ಳೆಯ ಆಕ್ಷೇಪ. ಆದರೆ ನೆಲದಲ್ಲಿ ಆಹಾರವಿರುವುದು ಬೇರೆ, ಅದು ಹದ್ದಿಗೆ ದಕ್ಕುವುದು ಬೇರೆ. ಗೀಜಗ ಹುಲ್ಲಿನೊಳಗೆ ನುಗ್ಗಿ ಹಾಲುಗಾಳನ್ನೂ ಹುಳುವನ್ನೂ ಆಯ್ದುಕೊಳ್ಳುತ್ತದೆ. ಅದಕ್ಕೆ ಹುಲ್ಲು ಎತ್ತರವಾದಷ್ಟೂ ಲಾಭ. ಹದ್ದಾದರೋ ಆಕಾಶದಿಂದ ನೋಡಿ ಹಿಡಿಯತಕ್ಕದ್ದು. ಆಷಾಢದ ಹೊಲದಲ್ಲಿ ಗೌಜಲಹಕ್ಕಿ ಎಷ್ಟೇ ಇದ್ದರೂ ಹಸುರಿನ ಮರೆಯಲ್ಲಿ ಇಲ್ಲದಂತೆಯೇ. ಪುಷ್ಯಮಾಸ ಕಳೆದು ಕೊಯಿಲಾದ ಹೊಲದಲ್ಲಿ ಅದೇ ಗೌಜಲು ಒಂದು ಬದುವಿನಿಂದ ಇನ್ನೊಂದು ಬದುವಿಗೆ ಬಯಲಿನಲ್ಲೇ ಓಡಬೇಕು. ಇದರ ಮೇಲೆ ಹಾರಾಟದ ಪ್ರಶ್ನೆ. ಇಷ್ಟು ದೊಡ್ಡ ಪಕ್ಷಿ ದಿನವೆಲ್ಲ ರೆಕ್ಕೆ ಬಡಿದು ಸುತ್ತಲಾರದು. ಬಂಡೆಗಳು ಬಿಸಿಲಿಗೆ ಕಾದು ಅವುಗಳ ಮೇಲಿನ ಗಾಳಿ ಕಂಬದಂತೆ ಮೇಲಕ್ಕೆದ್ದಾಗ, ಅದರ ಮೇಲೇರಿ ರೆಕ್ಕೆ ಚಾಚಿ ನಿಂತು, ಶ್ರಮವಿಲ್ಲದೆ ಗಾವುದ ಗಾವುದ ಜಾಲಾಡುತ್ತದೆ. ಮೋಡ ಕವಿದ ಶ್ರಾವಣದಲ್ಲಿ ಆ ಗಾಳಿ ಏಳದು. ಎದ್ದರೂ ತೊಯ್ದ ಗರಿ ಭಾರ. ಕಪ್ಪು ಕಲ್ಲಿನ ಚಾಚಿನ ಮೇಲೆ ನಯವಾದ ಬಿಳಿಯ ತುಪ್ಪುಳಿನ ಮರಿಯೊಂದು ಏಳು ದಿನ ಹಿಡಿದ ಜಡಿಮಳೆಯಲ್ಲಿ ಬದುಕುವುದೆಂತು?

ಕಿರಿಯರು: ಹಾಗಾದರೆ ಮಳೆ ನಿಂತೊಡನೆ, ಕಾರ್ತಿಕದಲ್ಲೇ ಮೊಟ್ಟೆಯಿಡಬಹುದಾಗಿತ್ತಲ್ಲ, ಪುಷ್ಯದವರೆಗೆ ಕಾಯುವುದೇಕೆ? ಅಥವಾ ಇನ್ನೂ ತಡೆದು ಫಾಲ್ಗುಣದಲ್ಲಿ?

ಹಿರಿಯರು: ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ನೋಡಿ. ಹೈದರಾಬಾದಿನವರು ಮೃಗಶಿರ ಕಾರ್ತೆ ಕೂಡಿತೆಂದು ಮೀನು ತಿನ್ನುವ ದಿನ ಜೂನ್ 8ರ ಸುಮಾರು. ಅಲ್ಲಿಂದ ಮಳೆ ಎಂದು ಹಿಡಿಯೋಣ. ಅಷ್ಟರೊಳಗೆ ಮರಿ ತಾನೇ ಬೇಟೆಯಾಡುವಂತಾಗಿರಬೇಕು. ಗೂಡಿನಿಂದ ಹಾರಿದ ಮೇಲೂ ಮರಿಯನ್ನು ತಾಯ್ತಂದೆ ಎರಡು ತಿಂಗಳ ಹತ್ತಿರ ಸಾಕುತ್ತವೆ; ಅಲ್ಲಿಗೆ ಏಪ್ರಿಲ್ ಮಧ್ಯ. ಹಾರುವ ಮೊದಲು ಗೂಡಿನಲ್ಲಿ ಬೆಳೆಯಲು ಅರುವತ್ತರಿಂದ ಎಪ್ಪತ್ತು ದಿನ. ಅಲ್ಲಿಗೆ ಫೆಬ್ರವರಿಯ ಆದಿಭಾಗ. ಅದಕ್ಕೂ ಹಿಂದೆ ಕಾವು ಕೂರಲು ನಲವತ್ತು ದಿನದ ಸಮೀಪ. ಅಲ್ಲಿಗೆ ಡಿಸೆಂಬರಿನ ಕೊನೆ. ತಾವು ಎಳ್ಳಮಾವಾಸ್ಯೆಯಲ್ಲಿ ಕಂಡ ತಾಯಿ ಈ ಲೆಕ್ಕಕ್ಕೆ ಒಂದು ವಾರದ ಅಂತರವನ್ನೂ ಬಿಟ್ಟಿಲ್ಲ! ಇನ್ನು ಫಾಲ್ಗುಣದವರೆಗೆ ತಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ರಾಯಚೂರಿನ ಬಿಸಿಲು ಕಂಡ ತಮಗೆ ನಾನು ಹೇಳಬೇಕಾದದ್ದಿಲ್ಲ. ಏಪ್ರಿಲ್ ಮೇಗಳಲ್ಲಿ ನಲವತ್ತು ಡಿಗ್ರಿ ದಾಟುವ ತಾಪ. ಅದನ್ನು ಹೀರಿ ಕಾದ ಕಲ್ಲು. ಆ ಕಲ್ಲಿನ ಮೇಲೆ ಗರಿಮೂಡದ ಮರಿ. ತಾಯಿ ರೆಕ್ಕೆ ಅಗಲಿಸಿ ನೆರಳು ಹಿಡಿದು ನಿಲ್ಲುವುದುಂಟು, ಆದರೆ ನಿಂತಷ್ಟು ಹೊತ್ತೂ ಬೇಟೆಗೆ ಹೋಗಲಾರಳು. ಪುಷ್ಯದಲ್ಲಿಟ್ಟ ಮೊಟ್ಟೆಯ ಮರಿಗೆ ಚೈತ್ರದ ಹೊತ್ತಿಗೆ ಮೈತುಂಬ ಗರಿ ಬಂದಿರುತ್ತದೆ, ಕಾಲಿಗೆ ನೆರಳಿನತ್ತ ಸರಿಯುವ ಬಲ ಬಂದಿರುತ್ತದೆ. ಹೀಗೆ ಒಂದು ಕಡೆ ಬಿಸಿಲಿನ ಗೋಡೆ, ಅದರಾಚೆಗೆ ಮಳೆಯ ಗೋಡೆ. ಇವೆರಡರ ಮುಂದೆ ಉಳಿದ ಕಿರಿದಾದ ಓಣಿಯಲ್ಲಿ ಈ ಪಕ್ಷಿ ತನ್ನ ಸಂಸಾರವನ್ನು ನಡೆಸಿಕೊಂಡು ಹೋಗಬೇಕು. ಕಾರ್ತಿಕವೇಕಾಗದೆಂದು ಕೇಳಿದಿರಿ. ಆಗಿನ್ನೂ ಹೊಲದಲ್ಲಿ ಹಸುರು ನಿಂತಿರುತ್ತದೆ. ಮೇಲಾಗಿ ಮೊಟ್ಟೆಯಿಡುವ ಮುನ್ನ ಹೆಣ್ಣಿನ ಮೈ ತುಂಬಿಕೊಳ್ಳಬೇಕು, ಗಂಡು ಬೇಟೆ ತಂದು ತಂದು ಅವಳಿಗೆ ಉಣಿಸಬೇಕು, ಹಳೆಯ ಗೂಡಿಗೆ ಹೊಸ ಕಟ್ಟಿಗೆ ಸೇರಬೇಕು. ಕಾರ್ತಿಕ ಮಾರ್ಗಶಿರಗಳು ಆ ಸಿದ್ಧತೆಗೆ ಸಲ್ಲುತ್ತವೆ.

ಕಿರಿಯರು: ಲೆಕ್ಕ ಮನಸ್ಸಿಗೊಪ್ಪಿತು. ಆದರೆ ಲೆಕ್ಕ ಹಾಕಿದವರು ನಾವು. ಮುಂದಿನ ಮಳೆಯನ್ನು ಆರು ತಿಂಗಳ ಮೊದಲು ಪಕ್ಷಿ ಅರಿಯುವುದೆಂತು?

ಹಿರಿಯರು: ಇದೇ ಪ್ರಶ್ನೆಯನ್ನು ಎದುರಿಸಿ, ಜಾನ್ ಬೇಕರ್ ಎಂಬ ಆಂಗ್ಲ ಜೀವಶಾಸ್ತ್ರಜ್ಞ 1938ರಲ್ಲಿ ಒಂದು ವಿವೇಚನೆಯನ್ನು ಮುಂದಿಟ್ಟನು. ಸಂತಾನಕಾಲಕ್ಕೆ ಕಾರಣಗಳು ಎರಡು ಬಗೆ. ಒಂದು, ದೂರದ ಕಾರಣ: ಅಕಾಲದಲ್ಲಿ ಹುಟ್ಟಿದ ಮರಿಗಳು ಸಾಯುತ್ತವೆ, ಸಕಾಲದಲ್ಲಿ ಹುಟ್ಟಿದವು ಉಳಿಯುತ್ತವೆ, ಉಳಿದವುಗಳ ಸ್ವಭಾವವೇ ಮುಂದಿನ ತಲೆಮಾರಿಗೆ ಇಳಿಯುತ್ತದೆ. ಇನ್ನೊಂದು, ಹತ್ತಿರದ ಕಾರಣ: ಇಗೋ ಕಾಲ ಬಂತೆಂದು ಪಕ್ಷಿಯ ದೇಹಕ್ಕೆ ಸನ್ನೆ ಕೊಡುವ ಬಾಹ್ಯ ಸಂಗತಿ. ಲೆಕ್ಕವನ್ನು ಹಾಕಿದ್ದು ಸಾವಿರಾರು ತಲೆಮಾರುಗಳ ಹುಟ್ಟುಸಾವು. ಇಂದಿನ ಪಕ್ಷಿ ಸನ್ನೆಯೊಂದನ್ನು ಪಾಲಿಸಿದರೆ ಸಾಕು. ಉತ್ತರದ ನಾಡುಗಳಲ್ಲಿ ಆ ಸನ್ನೆ ಹಗಲಿನ ದೈರ್ಘ್ಯ. ಕೆನಡಾದ ಎಡ್ಮಂಟನ್ನಿನಲ್ಲಿ ವಿಲಿಯಂ ರೋವನ್ ಎಂಬ ಪ್ರಾಧ್ಯಾಪಕ 1920ರ ದಶಕದಲ್ಲಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ ಪಂಜರದ ಹಕ್ಕಿಗಳಿಗೆ ವಿದ್ಯುದ್ದೀಪದಿಂದ ಹಗಲನ್ನು ಉದ್ದಮಾಡಿ ತೋರಿಸಿ, ಚಳಿ ಅಷ್ಟೇ ಇದ್ದರೂ ಬೆಳಕು ಹೆಚ್ಚಿದಂತೆ ಅವುಗಳ ಜನನಾಂಗಗಳು ವಸಂತದಲ್ಲಿದ್ದಂತೆ ಬೆಳೆಯುವುದನ್ನು ಸಾಧಿಸಿ ತೋರಿಸಿದನು.

ಕಿರಿಯರು: ಆ ಸನ್ನೆ ನಮ್ಮ ಹದ್ದಿಗೆ ಸಲ್ಲದು. ಅದು ಗೂಡು ಕಟ್ಟುವುದು ಹಗಲು ಕುಗ್ಗುತ್ತಿರುವಾಗ.

ಹಿರಿಯರು: ನಾನೂ ಅದನ್ನೇ ಹೇಳಬೇಕೆಂದಿದ್ದೆ. ಸ್ಕಾಟ್ಲೆಂಡಿನ ಬಡಗಣ ಬೆಟ್ಟಗಳಲ್ಲಿ ಚಳಿಗಾಲದ ನಡುವೆ ಹಗಲು ಆರೂವರೆ ಗಂಟೆ, ಬೇಸಗೆಯ ನಡುವೆ ಹದಿನೆಂಟರ ಸಮೀಪ. ಅಲ್ಲಿ ಬೆಳಕೇ ದೊಡ್ಡ ಗಂಟೆ ಬಾರಿಸಿ ಕೂಗಿ ಹೇಳುತ್ತದೆ. ಹೈದರಾಬಾದು 17 ಡಿಗ್ರಿ ಅಕ್ಷಾಂಶದ ಸ್ವಲ್ಪ ಬಡಗಲಿಗಿದೆ. ಇಲ್ಲಿ ಅತ್ಯಂತ ದೀರ್ಘವಾದ ಹಗಲಿಗೂ ಅತ್ಯಂತ ಹ್ರಸ್ವವಾದದ್ದಕ್ಕೂ ಇರುವ ವ್ಯತ್ಯಾಸ ಎರಡು ಗಂಟೆಯ ಸುಮಾರು. ಆ ಪಿಸುಮಾತನ್ನೂ ಪಕ್ಷಿ ಕೇಳಿಸಿಕೊಳ್ಳದೆ ಇರಲಾರದು. ಆದರೆ ಅದರ ಜೊತೆಗೆ ಮಳೆ ಹಿಂದೆಗೆದುದು, ಆಕಾಶ ತಿಳಿಯಾದುದು, ಬೇಟೆ ಕಣ್ಣಿಗೆ ಬೀಳತೊಡಗಿದುದು, ಗಂಡು ತಂದ ತುತ್ತು ಹೆಣ್ಣಿನ ಮೈಯಲ್ಲಿ ಕೂಡಿದುದು, ಇವೂ ಸೇರಿ ಸನ್ನೆ ಪೂರ್ಣವಾಗುವುದೆಂದು ನಾನು ತಿಳಿದಿದ್ದೇನೆ. ಅದೇ ಕಾರಣದಿಂದ ಮಳೆನಾಡುಗಳಲ್ಲಿ ಹದ್ದಿನ ಮೊಟ್ಟೆಯ ಕಾಲ ಒಂದೇ ವಾರಕ್ಕೆ ಕಟ್ಟುಬೀಳದೆ ಎರಡು ಮೂರು ತಿಂಗಳುಗಳ ಮೇಲೆ ಹರಡಿಕೊಂಡಿರುತ್ತದೆ.

ಕಿರಿಯರು: ಬೊನೆಲ್ಲಿ ಹದ್ದೇ ಸ್ಪೇಯಿನ್ನಿನಲ್ಲಿಯೂ ಇದೆಯೆಂದಿರಿ.

ಹಿರಿಯರು: ಇದೆ, ಅಲ್ಲಿ ಫೆಬ್ರವರಿ, ಮಾರ್ಚಿಗಳಲ್ಲಿ ಮೊಟ್ಟೆಯಿಡುತ್ತದೆ. ನಮ್ಮದಕ್ಕಿಂತ ತಿಂಗಳು ಒಂದೂವರೆ ತಿಂಗಳು ತಡ, ಅಷ್ಟೆ. ಇದಕ್ಕಿಂತ ಸ್ಪಷ್ಟವಾದ ಅಂತರವನ್ನು ಹಾವುಗಿಡುಗ ತೋರಿಸುತ್ತದೆ. ಅದೂ ಹದ್ದಿನ ಬಳಗದ್ದೇ; ಗೂಬೆಯ ತಲೆಯಂತೆ ದುಂಡಾದ ತಲೆ, ಹಳದಿಯ ದೊಡ್ಡ ಕಣ್ಣು, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆಯಾಡಿಸುತ್ತ ನಿಂತು ನೆಲವನ್ನು ದೃಷ್ಟಿಸುವ ಅಭ್ಯಾಸ. ಯೂರೋಪಿನ ಹಾವುಗಿಡುಗಗಳು ಚಳಿಯನ್ನು ಆಫ್ರಿಕದಲ್ಲಿ ಕಳೆದು, ಮಾರ್ಚಿಯಲ್ಲಿ ಸಮುದ್ರ ದಾಟಿ ಬಂದು, ಏಪ್ರಿಲ್ ಮೇಗಳಲ್ಲಿ ಒಂದೇ ಒಂದು ಮೊಟ್ಟೆಯಿಡುತ್ತವೆ. ನಮ್ಮವು ವರ್ಷವಿಡೀ ಇಲ್ಲಿಯೇ ಇರುವಂತಹವು; ಚಳಿಗಾಲ ನಡೆಯುತ್ತಿರುವಾಗಲೇ ಗೂಡಿಗೆ ಕೂಡುತ್ತವೆ. ಯೂರೋಪಿನಲ್ಲಿ ಹಾವು ಬಿಲದಿಂದ ಹೊರಬಿದ್ದು ಮೈಕಾಯಿಸಿಕೊಳ್ಳಲು ವಸಂತ ಬರಬೇಕು. ನಮ್ಮಲ್ಲಿ ಮಾಘ ಫಾಲ್ಗುಣಗಳ ಬಿಸಿಲೇ ಸಾಕು. ಹಾವುಗಿಡುಗದ ಗೂಡೊಂದನ್ನು ನಾನು ವಿಕಾರಾಬಾದಿನ ಕಡೆಯ ಕುರುಚಲ ಬಯಲಿನಲ್ಲಿ ದೂರದರ್ಶಕದಿಂದ ನೋಡಿದ್ದೇನೆ. ಮರ ಹೆಚ್ಚು ಎತ್ತರದ್ದಲ್ಲ. ಮುಳ್ಳಿನ ನೆತ್ತಿಯ ಮೇಲೆ ಹಗುರವಾದ ಕಡ್ಡಿಯ ತಟ್ಟೆ. ಅದರಲ್ಲಿ ಬಿಳಿಯ ಮರಿ. ತಂದೆಯೋ ತಾಯಿಯೋ ಬಂದು ಕುಳಿತಾಗ ಅದರ ಕೊಕ್ಕಿನಲ್ಲಿ ಬೇಟೆಯೇನೂ ಕಾಣಲಿಲ್ಲ. ಸರಿಯಾಗಿ ನೋಡಿದರೆ ಬಾಯ ಬದಿಯಿಂದ ಒಂದು ಗೇಣು ಬಾಲ ಮಾತ್ರ ಜೋತಾಡುತ್ತಿತ್ತು. ಮರಿ ಆ ಬಾಲವನ್ನು ಕಚ್ಚಿ, ಎರಡು ಕಾಲನ್ನೂ ಊರಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಎಳೆಯತೊಡಗಿತು. ದೊಡ್ಡದು ಕುತ್ತಿಗೆಯನ್ನು ನೀಡಿ, ಕಣ್ಣು ಅರೆಮುಚ್ಚಿ, ತಾಳ್ಮೆಯಿಂದ ನಿಂತಿತ್ತು. ಮೊಳದುದ್ದ ಹಾವು ಹೊಟ್ಟೆಯಿಂದ ಹೊರಬಂದು ಮುಗಿಯುವವರೆಗೆ ಈ ವ್ಯಾಪಾರ ನಡೆಯಿತು. ಆಮೇಲೆ ಮರಿ ಅದನ್ನು ತಲೆಯ ಕಡೆಯಿಂದ ನುಂಗತೊಡಗಿತು. ಆ ವಯಸ್ಸಿನ ಮರಿಗೆ ಪ್ರತಿದಿನವೂ ಇಂತಹ ತುತ್ತು ದೊರೆಯಬೇಕು. ಮೋಡ ಕವಿದು ಮಳೆ ಹಿಡಿದರೆ ಹಾವು ಬಯಲಿಗೆ ಬಾರದು, ಬಂದರೂ ಹುಲ್ಲಿನಲ್ಲಿ ಕಾಣದು.

ಕಿರಿಯರು: ನಮ್ಮ ಕರಾವಳಿಯ ಹದ್ದುಗಳ ಸಂಗತಿ?

ಹಿರಿಯರು: ಅಲ್ಲಿಯೂ ಧರ್ಮ ಇದೇ. ಭಟ್ಕಳದಾಚೆಯ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲಹದ್ದು, ಮಳೆಗಾಲದ ತೆರೆ ತಗ್ಗಿ ನೀರು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮುಂದಕ್ಕೆ ಸಂಸಾರ ಹೂಡುತ್ತದೆ. ಆಸ್ಟ್ರೇಲಿಯದಲ್ಲಿ ಅದೇ ಪಕ್ಷಿಗೆ ಜೂನಿನಿಂದ ಆಗಸ್ಟಿನವರೆಗೆ ಆ ಕಾಲ. ದೇವಸ್ಥಾನದ ಮೇಲೆ ಸುತ್ತಿದರೆ ಜನ ಕೈಮುಗಿಯುವ ಬಿಳಿಯೆದೆಯ ಗರುಡ ನಮ್ಮಲ್ಲಿ ಡಿಸೆಂಬರಿನಿಂದ ಏಪ್ರಿಲಿನವರೆಗೆ. ಆಸ್ಟ್ರೇಲಿಯದ ತೆಂಕಣ ಮೂಡಣ ಭಾಗಗಳಲ್ಲಿ ಆಗಸ್ಟಿನಿಂದ ಅಕ್ಟೋಬರ್, ಬಡಗಣ ಪಡುವಣ ಭಾಗಗಳಲ್ಲಿ ಏಪ್ರಿಲಿನಿಂದ ಜೂನ್. ಒಂದೇ ದೇಶದೊಳಗೆ ಎರಡು ಪಂಚಾಂಗ! ಈ ನಗರದಲ್ಲಿಯೇ ಚಳಿಗಾಲದಲ್ಲಿ ನಿಂತು ನೋಡಿದರೂ ಒಂದು ವಿಚಿತ್ರ ಕಾಣಸಿಗುತ್ತದೆ. ಊರ ಹದ್ದು ಜನವರಿ ಫೆಬ್ರವರಿಗಳಲ್ಲಿ ಎತ್ತರದ ಮರಗಳ ಮೇಲೆ ಕಡ್ಡಿ ಕೂಡಿಸುತ್ತಿರುವಾಗ, ಸಂಕ್ರಾಂತಿಯ ಗಾಳಿಪಟಗಳ ಮಾಂಜಾ ದಾರ ಅದರ ರೆಕ್ಕೆಗೆ ಸುತ್ತಿಕೊಳ್ಳುತ್ತದೆ, ಅದು ನೋಡಲಾರದ ನೋಟ. ಆ ದಿನಗಳಲ್ಲಿಯೇ ಮಧ್ಯ ಏಷ್ಯದ ಹುಲ್ಲುಗಾವಲಿನಿಂದ ಬಂದ ಸ್ಟೆಪಿ ಹದ್ದುಗಳು ಸಂತಾನದ ಗೊಡವೆಯಿಲ್ಲದೆ ನಮ್ಮ ದೇಶದಲ್ಲಿ ಚಳಿ ಕಳೆಯುತ್ತಿರುತ್ತವೆ. ಅವುಗಳ ಮೊಟ್ಟೆಯ ಕಾಲ ಬರುವುದು ಅವು ಹಿಂದಿರುಗಿದ ಮೇಲೆ, ಕಝಾಕಸ್ತಾನ ಮಂಗೋಲಿಯಗಳ ನೆಲದ ಮೇಲೆ, ಏಪ್ರಿಲ್ ಮೇಗಳಲ್ಲಿ. ಒಂದೇ ಆಕಾಶದಲ್ಲಿ ಒಂದೇ ಬಿಸಿಲಿನಲ್ಲಿ ಹಾರುವ ಎರಡು ಹದ್ದುಗಳಲ್ಲಿ ಒಂದಕ್ಕೆ ಅದು ತಾಯ್ತನದ ಋತು, ಇನ್ನೊಂದಕ್ಕೆ ವಿಶ್ರಾಂತಿಯದು.

ಕಿರಿಯರು: ಇಷ್ಟೆಲ್ಲ ತಿಂಗಳುಗಳನ್ನು ನಮ್ಮ ದೇಶದಲ್ಲಿ ಗುರುತುಹಾಕಿಟ್ಟವರಾರು?

ಹಿರಿಯರು: ಗುರುತುಹಾಕಿದವರು ಬಹುಮಂದಿ, ಉಳಿಸಿಕೊಂಡದ್ದು ಕಡಮೆ. ಕಾಂಗ್ರೆಸ್ ಮಹಾಸಭೆಯ ಸ್ಥಾಪಕರೆಂದು ನಾವು ಓದಿದ ಏ. ಓ. ಹ್ಯೂಮ್ ಅವರೇ ಭಾರತದ ಹಕ್ಕಿಗಳ ಗೂಡು ಮೊಟ್ಟೆಗಳನ್ನು ಕುರಿತ ಗ್ರಂಥವನ್ನು 1873ರಲ್ಲಿ ಹೊರತಂದವರು. ಬೇರೆ ಬೇರೆ ಪ್ರಾಂತಗಳಲ್ಲಿದ್ದ ಆಸಕ್ತರು ಯಾವ ತಿಂಗಳು ಎಲ್ಲಿ ಯಾವ ಗೂಡು ಕಂಡೆವೆಂದು ಬರೆದ ಕಾಗದಗಳನ್ನು ಅವರು ಹಾಗೆಯೇ ಜೋಡಿಸಿಕೊಟ್ಟರು. ಪ್ರಾಂತಭೇದ ಕಣ್ಣಿಗೆ ಕಾಣುವಂತಾದದ್ದು ಆ ವಿಧಾನದಿಂದ. ಭಾರತದ ಎಲ್ಲ ಪಕ್ಷಿಗಳನ್ನೂ ಕುರಿತು ಮಹಾಗ್ರಂಥವೊಂದನ್ನು ಬರೆಯಲು ಅವರು ವರ್ಷಗಟ್ಟಲೆ ಕೂಡಿಹಾಕಿದ್ದ ಹಸ್ತಪ್ರತಿಗಳನ್ನು, ಅವರು ಸಿಮ್ಲಾದ ಮನೆಯಲ್ಲಿಲ್ಲದಾಗ, ಆಳೊಬ್ಬನು ರದ್ದಿ ಕಾಗದವೆಂದು ಪೇಟೆಯಲ್ಲಿ ಮಾರಿಬಿಟ್ಟನು. ಅದನ್ನು ಕಂಡ ಹ್ಯೂಮ್ ಪಕ್ಷಿಶಾಸ್ತ್ರವನ್ನೇ ಬಿಟ್ಟರು. ಆ ರದ್ದಿಯಲ್ಲಿ ನಮ್ಮ ಎಷ್ಟು ಹದ್ದುಗಳ ತಿಂಗಳುಗಳಿದ್ದವೋ! ಈ ನಗರಕ್ಕೆ ಸಂಬಂಧಿಸಿದ ಕತೆ ಇನ್ನಷ್ಟು ಹತ್ತಿರದ್ದು. 1931ರಲ್ಲಿ, ಆಗಿನ್ನೂ ಹೆಸರಾಗದಿದ್ದ ಸಲೀಂ ಅಲಿಯವರು, ಖರ್ಚು ಮಾತ್ರ ಕೊಟ್ಟರೆ ಸಂಬಳವಿಲ್ಲದೆ ದುಡಿಯುವೆನೆಂದು ಹೇಳಿ, ನಿಜಾಮರ ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಕೈಗೊಂಡರು. ಪತ್ನಿ ತೆಹಮೀನಾ ಜೊತೆಯಲ್ಲಿ ಬಿಡಾರದ ಭಾರವನ್ನೆಲ್ಲ ಹೊತ್ತರು. ನಲ್ಲಮಲೆಯ ಕಾಡಿನಿಂದ ಮರಾಠವಾಡದ ಬಯಲಿನವರೆಗೆ ಹರಡಿದ್ದ ಸಂಸ್ಥಾನವದು. ಸಮೀಕ್ಷೆಯ ವರದಿ 1933, 34ರಲ್ಲಿ ಬೊಂಬಾಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಆಗ ರಾಯಚೂರು, ಗುಲಬರ್ಗ, ಬೀದರಗಳೂ ಅದೇ ಸಂಸ್ಥಾನದವು. ರಾಜ್ಯಗಳು 1956ರ ನವೆಂಬರ್ 1ರಂದು ಬೇರೆಯಾದವು. ಬಂಡೆಗಳು, ಜೋಳದ ಹೊಲಗಳು, ಅವುಗಳ ಮೇಲಿನ ಹದ್ದುಗಳು ಬೇರೆಯಾಗಲಿಲ್ಲ. ಇಲ್ಲಿ 1980ರಲ್ಲಿ ಹುಟ್ಟಿದ ಪಕ್ಷಿವೀಕ್ಷಕರ ಸಂಘ ಇಂದು ದಖ್ಖಣದ ಹೆಸರನ್ನೇ ಧರಿಸಿ, ಕೆರೆ ಕುರುಚಲುಗಳನ್ನು ಸುತ್ತಿ ಪಟ್ಟಿ ಬರೆಯುತ್ತಿದೆ. ಗಡಿಯಾಚೆಯ ಕನ್ನಡ ಜಿಲ್ಲೆಗಳ ಗೂಡುಗಳಿಗೆ ತಮ್ಮಂತಹವರೇ ಬೇಕು.

ಕಿರಿಯರು: ಆ ಗುಡ್ಡದ ವಿಷಯವಾಗಿಯೇ ನನ್ನ ಚಿಂತೆ. ಅದರ ಇನ್ನೊಂದು ಮಗ್ಗುಲಲ್ಲಿ ಕಲ್ಲು ಒಡೆಯುತ್ತಾರೆ. ಮಳೆಗಾಲದಲ್ಲಿ ಗುಂಡಿ ತುಂಬಿ ಕೆಲಸ ನಿಲ್ಲುತ್ತದೆ. ದೀಪಾವಳಿ ಕಳೆದು ನೀರು ಇಂಗಿದ ಮೇಲೆ ಮದ್ದು ಸಿಡಿಸತೊಡಗುತ್ತಾರೆ.

ಹಿರಿಯರು: ಅಂದರೆ ಪಕ್ಷಿ ಗೂಡಿಗೆ ಕೂಡುವ ತಿಂಗಳಿನಲ್ಲೇ! ಮನುಷ್ಯನಿಗೂ ಹದ್ದಿಗೂ ಒಣ ಋತುವೇ ಅನುಕೂಲವಾದುದು ಇಬ್ಬರ ನಡುವಣ ವ್ಯಾಜ್ಯಕ್ಕೆ ಕಾರಣವಾಗಿದೆ. ಈ ಹೈದರಾಬಾದಿನ ಸುತ್ತ 250 ಕೋಟಿ ವರ್ಷ ಹಳೆಯ ಬಂಡೆಗಳು ಕಟ್ಟಡಗಳಿಗೆ ಎಡೆಮಾಡಿಕೊಟ್ಟು ಪುಡಿಯಾದುದನ್ನು ಕಣ್ಣಾರೆ ಕಂಡಿದ್ದೇನೆ. ಅವುಗಳನ್ನು ಉಳಿಸಲೆಂದೇ 1996ರಲ್ಲಿ ಇಲ್ಲಿ ಸಂಘವೊಂದು ಹುಟ್ಟಬೇಕಾಯಿತು. 1972ರ ವನ್ಯಜೀವಿ ಕಾಯಿದೆ ಮೊಟ್ಟೆ ತೆಗೆಯುವುದನ್ನೂ ಗೂಡು ಕೆಡಿಸುವುದನ್ನೂ ನಿಷೇಧಿಸುತ್ತದೆ. ಆದರೆ ಮದ್ದಿನ ಸದ್ದಿಗೆ ಬೆದರಿ ತಾಯಿ ಎದ್ದುಹೋಗಿ, ಮೊಟ್ಟೆ ತಣ್ಣಗಾದರೆ, ಅಲ್ಲಿ ಯಾರೂ ಗೂಡನ್ನು ಮುಟ್ಟಿರುವುದಿಲ್ಲ. ಅಮೆರಿಕದ ಸರಕಾರ ಬೋಳುಹದ್ದಿನ ಬಗೆಗೆ 2007ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇಡೀ ದೇಶಕ್ಕೆ ಒಂದೇ ತಾರೀಖು ಹಾಕಲಿಲ್ಲ. ಪ್ರದೇಶ ಪ್ರದೇಶಕ್ಕೂ ಗೂಡಿನ ಕಾಲವನ್ನು ಬೇರೆ ಬೇರೆ ತೋರಿಸಿತು. ಫ್ಲಾರಿಡದಲ್ಲಿ ಅಕ್ಟೋಬರ್ 1ರಿಂದ ಮೇ 15ರವರೆಗೆ ಗೂಡಿನ ಬಳಿ ಗದ್ದಲದ ಕೆಲಸ ಕೂಡದು. ಅದೇ ತಾರೀಖನ್ನು ಅಲಾಸ್ಕಕ್ಕೆ ಹಾಕಿದ್ದರೆ ಮರಿ ಮೊಟ್ಟೆಯೊಡೆಯುವ ಮೊದಲೇ ರಕ್ಷಣೆ ಮುಗಿದುಹೋಗುತ್ತಿತ್ತು. ನಮ್ಮ ಗುಡ್ಡಕ್ಕೆ ಬೇಕಾದದ್ದು ನವೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಆ ಒಂದು ಮಗ್ಗುಲಿನ ಶಾಂತಿ. ಅದನ್ನು ಅರಣ್ಯದವರಲ್ಲಿ ಕೇಳಬೇಕಾದರೆ ಕೈಯಲ್ಲಿ ತಾರೀಖುಗಳಿರಬೇಕು.

ಕಿರಿಯರು: ನಾನೇನನ್ನು ಬರೆದಿಡಲಿ?

ಹಿರಿಯರು: ಹೆಣ್ಣು ಕುಳಿತುದನ್ನು ಕಂಡ ದಿನ ಈಗಾಗಲೇ ತಮ್ಮಲ್ಲಿದೆ, ಅದನ್ನು ಮೊದಲು ಬರೆಯಿರಿ, ತಿಥಿಯನ್ನೂ ತಾರೀಖನ್ನೂ ಎರಡನ್ನೂ. ಫೆಬ್ರವರಿಯ ಮೊದಲ ಪಕ್ಷದಲ್ಲಿ ಮತ್ತೆ ಹೋಗಿ, ಗಂಡು ತರುವ ಬೇಟೆಯನ್ನು ಹೆಣ್ಣು ತಾನು ತಿನ್ನುತ್ತಿದೆಯೋ, ಚೂರುಚೂರು ಮಾಡಿ ಕೆಳಗೆ ಬಾಗಿ ಯಾರಿಗೋ ಕೊಡುತ್ತಿದೆಯೋ ನೋಡಿ. ಬಾಗಿದರೆ ಮೊಟ್ಟೆಯೊಡೆದು ಮರಿ ಬಂದಿದೆ. ಬೇಟೆ ಯಾವುದೆಂದು ತಿಳಿದರೆ ಅದನ್ನೂ, ಹಿಂದಿನ ಮುಂಗಾರು ಹಿಂಗಾರುಗಳು ಹೇಗೆ ನಡೆದವೆಂಬುದನ್ನೂ ಊರಿನ ಹಿರಿಯರನ್ನು ಕೇಳಿ ಬರೆಯಿರಿ. ಮಳೆ ತಡವಾಗಿ ಹಿಂದೆಗೆದ ವರ್ಷ ಕಾವು ತಡವಾಯಿತೋ ಇಲ್ಲವೋ ಎಂಬುದು ಹಾಗೆ ಕೂಡಿಸಿದ ವರ್ಷಗಳಿಂದಲೇ ತಿಳಿಯಬೇಕು. ಬಂಡೆಯ ಮೋರೆ ಯಾವ ದಿಕ್ಕಿಗಿದೆ, ಮಧ್ಯಾಹ್ನ ಗೂಡಿಗೆ ನೆರಳು ಬರುವುದೋ ಎಂಬುದು ಬೇಸಗೆಯ ಮಾತಿಗೆ ಮುಖ್ಯ. ಹೊಲದ ಬದುವಿನಿಂದ ಈಚೆಗೇ ನಿಲ್ಲಿ. ತಾಯಿ ತಲೆಯೆತ್ತಿ ತಮ್ಮನ್ನೇ ನೋಡತೊಡಗಿದರೆ ಇನ್ನೂ ಹಿಂದಕ್ಕೆ ಸರಿಯಿರಿ.

ಕಿರಿಯರು: ಊರಿನ ಹೆಸರು, ಗುಡ್ಡದ ಹೆಸರು?

ಹಿರಿಯರು: ತಮ್ಮ ಪುಸ್ತಕದಲ್ಲಿರಲಿ, ಅರಣ್ಯದವರಿಗೆ ಕೊಡುವ ಅರ್ಜಿಯಲ್ಲಿರಲಿ. ಪತ್ರಿಕೆಗೆ ಬರೆದಾಗ ಜಿಲ್ಲೆಯ ಹೆಸರಷ್ಟೇ ಸಾಕು. ಚಿತ್ರ ತೆಗೆಯುವ ಉತ್ಸಾಹಿಗಳು ಕೂಡ ಈ ಒಣ ತಿಂಗಳುಗಳಲ್ಲೇ ಹೊರಡುವುದು.